ಸಮುದಾಯ ಮೆಂಟಲ್

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಇಡೀ ಸರ್ವಿಸ್ ಕಳೆದವಳು ನಾನು. ಭದ್ರಾವತಿ ಎಂದು ಬರೆದ ಬೋರ್ಡಿನ ಕೆಳಗೇ ನಿಂತು ‘ಭದ್ರಾವತಿ ಬಸ್ ಎಲ್ಲಿ ನಿಲ್ಲತ್ತೆ?’ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಜೋರಾಯಿತೋ, ಬಾಯಿ ಜೋರಿದೆಯೆಂದೇ ನನ್ನನ್ನು ಆ ಕಿಟಕಿಗೆ ಹಾಕಿದರೋ, ದೇವರಿಗೇ ಗೊತ್ತು. ನಿವೃತ್ತಿಯಾದ ಮೇಲೆ ಶಿವಮೊಗ್ಗದ ಕೋಟೆ ರಸ್ತೆಯಲ್ಲಿರುವ ನಮ್ಮ ಮನೆಯಲ್ಲಿ ಬೈಸಿಕೊಳ್ಳಲು ಯಜಮಾನರೊಬ್ಬರೇ ಉಳಿದರು. ಅವರೇ ಎಲ್ಲಿಂದಲೋ ಒಂದು ಕರಪತ್ರ ತಂದುಕೊಟ್ಟರು. ದಾರಿ ತಪ್ಪಬಹುದಾದ ಹುಡುಗ ಹುಡುಗಿಯರ ಜೊತೆ ವಾರಕ್ಕೊಂದು ದಿನ ಕೂತು ಮಾತಾಡುವ ಹಿರಿಯರು ಬೇಕಾಗಿದ್ದಾರೆ, ಸಂಬಳವಿಲ್ಲ, ಬಸ್ ಚಾರ್ಜು ಕೊಡುತ್ತೇವೆ ಎಂದಿತ್ತು. ವಾರಕ್ಕೊಂದು ದಿನವಾದರೂ ನನ್ನನ್ನು ಹೊರಗೆ ಸಾಗಹಾಕುವ ಹುನ್ನಾರ ಅದು. ಗೊತ್ತಿದ್ದೂ ಸೇರಿದೆ.

ಎರಡು ದಿನ ತರಬೇತಿ ಇತ್ತು. ನನ್ನ ಮಗಳ ವಯಸ್ಸಿನ ಸಂಯೋಜಕಿ ಬೋರ್ಡಿನ ಮೇಲೆ ‘ಸಮುದಾಯ ಮೆಂಟರ್’ ಎಂದು ಬರೆದು, ಇನ್ನು ಮೇಲೆ ನೀವೆಲ್ಲ ಇದೇ ಎಂದಳು. ಮೆಂಟರ್ ಆದವರು ಬುದ್ಧಿ ಹೇಳುವಂತಿಲ್ಲ. ಬೈಯುವಂತಿಲ್ಲ. ಸುಳ್ಳು ಹೇಳುವಂತಿಲ್ಲ. ‘ನಮ್ಮ ಕಾಲದಲ್ಲಿ’ ಎಂದು ಮಾತು ಶುರು ಮಾಡುವಂತೆಯೇ ಇಲ್ಲ. ಮಕ್ಕಳು ಹೇಳಿದ್ದನ್ನು ಸುಮ್ಮನೆ ಕೇಳಿಸಿಕೊಳ್ಳಬೇಕು.

“ಹಂಗಾದ್ರೆ ನನ್ನ ಯಾಕಮ್ಮ ಕರೆಸಿದ್ರಿ? ಒಂದು ಗೋಡೆ ಸಾಕಿತ್ತಲ್ಲ!” ಎಂದೆ.

ಅವಳು ನಕ್ಕಳು. ಉಳಿದವರಿಗೆಲ್ಲ ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡು ಬಂದಿತ್ತು. ನಾನು ಫೋಟೋ ಕೊಟ್ಟಿದ್ದು ತಡವಾದ್ದರಿಂದ ನನ್ನದನ್ನು ನಾನೇ ಮಾಡಿಸಿಕೊಳ್ಳಬೇಕಾಯಿತು. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವನಿಗೆ ಚೀಟಿಯಲ್ಲಿ ಎಲ್ಲ ಬರೆದುಕೊಟ್ಟೆ. ಕಾರ್ಡು ಬಂದಾಗ ಕನ್ನಡಕ ಮನೆಯಲ್ಲಿತ್ತು. ಫೋಟೋ ಮಾತ್ರ ಕಂಡಿತು, ಪೊಲೀಸರು ಹಿಡಿದು ನಿಲ್ಲಿಸಿದ ಸರಗಳ್ಳಿಯ ಮುಖ. ಆ ಮುಖಕ್ಕಾಗಿ ಅವನ ಜೊತೆ ಹತ್ತು ನಿಮಿಷ ಜಗಳವಾಡಿ, ಕಾರ್ಡು ನೇತುಹಾಕಿಕೊಂಡು ಶನಿವಾರ ಭದ್ರಾವತಿ ಬಸ್ ಹತ್ತಿದೆ.

ನನಗೆ ಗೊತ್ತುಮಾಡಿದ್ದು ಹದಿನೇಳು ತುಂಬಿದ ಒಬ್ಬ ಹುಡುಗಿಯನ್ನು. ಕಾರ್ಖಾನೆ ಕ್ವಾರ್ಟರ್ಸಿನ ಹಿಂದಿನ ಬೀದಿಯಲ್ಲಿ ಮನೆ. ತಾಯಿ ಇಲ್ಲ, ಅಪ್ಪ ಆಟೋ ಓಡಿಸುತ್ತಾರೆ, ಮನೆಯಲ್ಲಿ ತಮಿಳು ಮಾತಾಡುವ ಅಜ್ಜಿ. ದುಪಟ್ಟ ಎಳೆದ ಸಹಪಾಠಿಯ ತಲೆಗೆ ಟಿಫಿನ್ ಡಬ್ಬಿಯಿಂದ ಬಾರಿಸಿ, ಅಪ್ಪನನ್ನು ಕರ್ಕೊಂಡು ಬಾ ಎಂದು ಪ್ರಿನ್ಸಿಪಾಲರು ಹೇಳಿದ್ದಕ್ಕೆ ಕಾಲೇಜಿಗೇ ಹೋಗುವುದನ್ನು ಬಿಟ್ಟಿದ್ದಳು. ಮನೆಯಲ್ಲಿ ಕೂತು ಬೀದಿಯವರ ಮಿಕ್ಸಿ, ಫ್ಯಾನು ಬಿಚ್ಚಿ ಜೋಡಿಸುವುದೇ ಅವಳ ಕೆಲಸವಾಗಿತ್ತು.

ಮೊದಲ ದಿನ ಬಾಗಿಲಲ್ಲಿ ನಿಂತೆ. ಪಕ್ಕದ ಮನೆಯ ಪುಟ್ಟ ಹುಡುಗಿ ನನ್ನ ಕಾರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಒಳಗೆ ಓಡಿಹೋಗಿ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿತು. ಅಜ್ಜಿ “ಅಯ್ಯೋ ಮುರುಗಾ!” ಎಂದರು. ಕಾಫಿ ಮಾಡಿದರು, ಲೋಟವನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಕುರ್ಚಿಯನ್ನೇ ದೂರದಿಂದ ನನ್ನ ಕಡೆ ತಳ್ಳಿದರು. ಭದ್ರಾವತಿಯಲ್ಲಿ ಹೀಗೇ ಮರ್ಯಾದೆ ಮಾಡುತ್ತಾರೇನೋ ಎಂದುಕೊಂಡು ಕುಡಿದೆ.

ಹುಡುಗಿ ನನ್ನ ಕಾರ್ಡನ್ನೂ ನನ್ನನ್ನೂ ನೋಡಿ ನಕ್ಕಳು. ‘ಅಪಾಯದಲ್ಲಿರುವ ಮಕ್ಕಳು’ ಎಂದಿದ್ದ ಕರಪತ್ರ ತೋರಿಸಿದೆ.

“ನಾನೆಲ್ಲಿ ಅಪಾಯದಲ್ಲಿದೀನಿ ಆಂಟಿ? ಏಟು ತಿಂದಿದ್ದು ಅವನು.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಯಮ ನೆನಪಾಗಿ ನುಂಗಿದೆ. ಎರಡು ಶನಿವಾರ ಹೀಗೆ ಬಾಯಿಮುಚ್ಚಿಕೊಂಡು ಕೂತು ದವಡೆ ನೋವು ಬಂತು. ಮೂರನೆಯ ಶನಿವಾರ ಅವಳೇ ಬಾಯಿಬಿಟ್ಟಳು. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗಬೇಕಂತೆ. ಅರ್ಜಿ ತುಂಬಿಟ್ಟಿದ್ದಾಳೆ, ಅಪ್ಪ ಸಹಿ ಹಾಕುತ್ತಿಲ್ಲ. ಮುಂದಿನ ವಾರ ಕಳೆದ ಮೇಲಿನ ಸೋಮವಾರ ಕೊನೆಯ ದಿನ.

“ಮೊದ್ಲು ಹೂಂ ಅಂದಿದ್ರು ಆಂಟಿ. ಈಗೆರಡು ವಾರದಿಂದ ಮದುವೆ ಭೂತ ಹಿಡ್ಕೊಂಡಿದೆ. ಹದಿನೆಂಟು ತುಂಬಿದ ಮಾರನೇ ದಿನಾನೇ ಮಾಡಿ ಕಳಿಸ್ತಾರಂತೆ.”

ಅವಳ ಅಪ್ಪ ಶನಿವಾರ ಬಾಡಿಗೆಗೆ ಹೋಗುತ್ತಿದ್ದರು, ಒಂದು ಸಲವೂ ನನಗೆ ಸಿಕ್ಕಿರಲಿಲ್ಲ.

ಅಂದು ವಾಪಸು ಬರುವ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್, ನಮ್ಮ ಇಲಾಖೆಯ ಹಳೇ ಹುಡುಗ, ನನ್ನ ಎದೆಯತ್ತ ಬಗ್ಗಿ ನೋಡಿ, “ಏನ್ ಮೇಡಂ, ಕೊನೆಗೂ ಒಪ್ಕೊಂಡ್ಬಿಟ್ರಾ?” ಎಂದ. ಕನ್ನಡಕ ಹಾಕಿಕೊಂಡು ಕಾರ್ಡು ಓದಿದೆ. ದೊಡ್ಡ ಕೆಂಪು ಅಕ್ಷರದಲ್ಲಿ ‘ಸಮುದಾಯ ಮೆಂಟಲ್’ ಎಂದಿತ್ತು.

ಬಸ್ ನಿಲ್ದಾಣದಿಂದ ಜೆರಾಕ್ಸ್ ಅಂಗಡಿಗೆ ನಾನು ನಡೆದದ್ದೋ ಓಡಿದ್ದೋ ನೆನಪಿಲ್ಲ.

“ಮೆಂಟರ್ ಅಂತ ಬರೆದು ಕೊಟ್ಟಿದ್ನಲ್ಲೋ!”

“ಹೌದು ಮೇಡಂ, ತಪ್ಪು ಬರೆದಿದ್ರಿ. ನಾನೇ ತಿದ್ದಿದೆ,” ಎಂದ ಪುಣ್ಯಾತ್ಮ. ತಿದ್ದಿದ್ದಕ್ಕೆ ಬೇರೆ ದುಡ್ಡು ತಗೊಂಡಿಲ್ಲ ಎಂದೂ ಸೇರಿಸಿದ.

ಸಂಯೋಜಕಿಗೆ ಫೋನು ಮಾಡಿ, ಮೂರು ವಾರ ಊರೆಲ್ಲ ಹುಚ್ಚಿ ಎಂಬ ಬಿರುದು ಹೊತ್ತು ತಿರುಗಿದೆನಲ್ಲಮ್ಮ ಎಂದು ಕೂಗಾಡಿದೆ. ಅವಳು ಬಿದ್ದುಬಿದ್ದು ನಕ್ಕಳು. ಆಮೇಲೆ ಮೆತ್ತಗೆ, “ಮನಸ್ಸಿಗೆ ಕಾಯಿಲೆ ಬರೋದು ಅಂದ್ರೆ ಅದೇನು ಬೈಗುಳಾನಾ ಮೇಡಂ?” ಎಂದು ಕೇಳಿದಳು. ಫೋನಿಟ್ಟು, ಈ ಸಲ ಕನ್ನಡಕ ಹಾಕಿಕೊಂಡೇ ಹೊಸ ಕಾರ್ಡು ಮಾಡಿಸಲು ಹೊರಟೆ.

ನಾಲ್ಕನೆಯ ಶನಿವಾರ ‘ಮೆಂಟರ್’ ಎಂದೇ ಇದ್ದ ಹೊಸ ಕಾರ್ಡು ಹಾಕಿಕೊಂಡು ಹೋದೆ. ಅಜ್ಜಿಗೆ ಬಿಡಿಸಿ ಬಿಡಿಸಿ ಹೇಳಿದೆ, ನಾನು ಮೆಂಟಲ್ ಆಸ್ಪತ್ರೆಯವಳಲ್ಲ, ನಿಮ್ಮ ಮೊಮ್ಮಗಳಿಗೆ ಏನೂ ಆಗಿಲ್ಲ ಎಂದು. ಅಜ್ಜಿ ತಲೆಯಾಡಿಸಿದರು.

“ಹೂಂಮ್ಮಾ, ಹೂಂ. ದೊಡ್ಡ ಡಾಕ್ಟ್ರೆಲ್ಲ ಮನೆಯೋರ ಹತ್ರ ಹಿಂಗೇ ಹೇಳೋದು.”

ಹುಡುಗಿಯ ಮುಖ ಮಾತ್ರ ಹೊಸ ಕಾರ್ಡು ನೋಡಿ ಇಳಿದುಹೋಯಿತು. “ಹಳೇದು ಎಲ್ಲಾಂಟಿ? ಅದರ ಸುದ್ದಿ ಕೇಳಿನೇ ಕಳೆದ್ವಾರ ಒಂದು ಸಂಬಂಧ ಓಡಿಹೋಗಿದ್ದು! ಮನೆಗೆ ಮೆಂಟಲ್ ಡಿಪಾರ್ಟ್‌ಮೆಂಟೋರು ಬರ್ತಾರಂತೆ ಅಂತ ನಾನೇ ಬೀದಿ ತುಂಬ ಹೇಳ್ಸಿದೀನಿ. ನಾಳೆ ಕುಂಸಿಯಿಂದ ಇನ್ನೊಂದು ಕಡೆಯೋರು ಬರ್ತಾರೆ. ನಾಳೆ ಒಂದಿನ ಹಳೇದು ಹಾಕ್ಕೊಂಡು ಬಂದು ಕೂತ್ಕೊಳ್ಳಿ ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ನನ್ನ ಮರ್ಯಾದೆ ಏನು ಬೀದಿಲಿ ಬಿದ್ದಿದೆಯೇನೇ ಮಾರಾಯ್ತಿ? ಸುಳ್ಳು ಹೇಳಲ್ಲ ಅಂತ ತರಬೇತಿಲಿ ಸಹಿ ಹಾಕಿ ಕೊಟ್ಟಿದೀನಿ,” ಎಂದು ರೇಗಿದೆ. ಬರುತ್ತೇನೆ ಎಂದು ಮಾತ್ರ ಒಪ್ಪಿಕೊಂಡೆ. ಕೂಡಲೇ ಬೈಯುವಂತಿಲ್ಲ ಎಂಬ ನಿಯಮ ಮುರಿದೆನಲ್ಲ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಭಾನುವಾರ ಕುಂಸಿಯವರು ನಾಲ್ಕು ಜನ ಬಂದಿದ್ದರು. ಮಾತೆಲ್ಲ ಹುಡುಗನ ಸೋದರತ್ತೆಯದು. ಹುಡುಗ ಪಾಪ, ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವತ್ತು ಮೊದಲ ಸಲ ಹುಡುಗಿಯ ಅಪ್ಪನನ್ನು ನೋಡಿದೆ. ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದರು. ಸೋದರತ್ತೆ ನನ್ನ ಕಾರ್ಡು ಓದಿ, “ಮೆಂಟರ್ ಅಂದ್ರೇನ್ರೀ?” ಎಂದು ಕೇಳಿದರು.

ನಿಜವನ್ನೇ ಹೇಳಲು ಹೊರಟೆ. “ಈ ಹುಡುಗಿ ಮನಸ್ಸಿನ ಮಾತು ಕೇಳೋಳು ನಾನು. ಪ್ರತಿ ಶನಿವಾರ ಬರ್ತೀನಿ.”

“ಮದುವೆ ಆದ್ಮೇಲೆ ಬರಲ್ಲ ತಾನೇ?”

“ಬರ್ತೀನಿ. ಎರಡು ವರ್ಷ ಕೈಬಿಡಬಾರದು ಅಂತ ನಮ್ಮ ನಿಯಮ ಇದೆ. ಕುಂಸಿ ಏನು ದೂರ? ಬಸ್ಸಿನ ಟೈಮೆಲ್ಲ ನನಗೆ ಬಾಯಿಪಾಠ.” ಎಂದವಳೇ ನಿಲ್ದಾಣದ ಮೈಕಿನ ದನಿಯಲ್ಲಿ ಬೆಳಗಿನ ಮೊದಲ ಬಸ್ಸಿನಿಂದ ಹಿಡಿದು ಹೇಳುತ್ತಾ ಹೋದೆ. ಅಭ್ಯಾಸಬಲ, ಶುರುವಾದರೆ ನಡುವೆ ನಿಲ್ಲಿಸಲು ಬರುವುದಿಲ್ಲ. ಹುಡುಗ ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿ ನೋಡಿದ.

ಸೋದರತ್ತೆ ಅಳುಕುತ್ತಾ, “ಹುಡುಗಿಗೆ ಸಿಟ್ಟು ಗಿಟ್ಟು...?” ಎಂದರು.

“ಬರತ್ತೆ. ಕೈಯಲ್ಲಿ ಟಿಫಿನ್ ಡಬ್ಬಿ ಇದ್ರೆ ಸ್ವಲ್ಪ ಹುಷಾರಾಗಿರಬೇಕು. ನಿಮ್ಮನೆಯೋರ ಜೊತೆಗೂ ನಾನು ಆಗಾಗ ಕೂತು ಮಾತಾಡ್ಬೇಕಾಗತ್ತೆ. ನಿಮ್ಮಿಂದಾನೇ ಶುರು ಮಾಡೋಣ.”

ನಾಲ್ವರೂ ಒಟ್ಟಿಗೆ ಎದ್ದರು. ಫೋನ್ ಮಾಡ್ತೀವಿ ಎಂದರು, ನಂಬರು ಮಾತ್ರ ಕೇಳಲಿಲ್ಲ. ಇಷ್ಟೆಲ್ಲದರಲ್ಲಿ ನಾನು ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಹುಡುಗಿ ಬಾಯಿಗೆ ದುಪಟ್ಟ ತುರುಕಿಕೊಂಡು ನಗುವುದು ಕೇಳುತ್ತಿತ್ತು. ನಾನೂ ನಗುವುದರಲ್ಲಿದ್ದೆ.

ಅಷ್ಟರಲ್ಲಿ ಅವಳ ಅಪ್ಪ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. “ಮೇಡಂ, ಈಗಲಾದ್ರೂ ನಿಜ ಹೇಳಿ. ನನ್ನ ಮಗಳಿಗೆ ತುಂಬಾ ಜಾಸ್ತಿಯಾಗಿದೆಯಾ? ಮದುವೆ ಮಾಡಿದ್ರೆ ಸರಿಹೋಗತ್ತೆ ಅಂದ್ರು ಎಲ್ರೂ. ಅದಕ್ಕೇ ಓಡಾಡ್ತಿದ್ದೆ. ಕರೆಂಟ್ ಕೆಲಸ, ತಲೆ ಸರಿ ಇಲ್ದಾಗ ಏನಾದ್ರೂ ಮುಟ್ಟಿಬಿಟ್ರೆ ಅಂತ ಸಹಿ ಹಾಕ್ಲಿಲ್ಲ.”

ಹುಚ್ಚು ಬಿಟ್ಟ ಹೊರತು ಮದುವೆ ಆಗದು, ಮದುವೆ ಆದ ಹೊರತು ಹುಚ್ಚು ಬಿಡದು ಎಂದು ಗಾದೆ ಹೇಳಿ ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಅದನ್ನು ನಂಬಿ ಒಬ್ಬ ಮನುಷ್ಯ ಮೂರು ವಾರ ಗಂಡು ಹುಡುಕಿದ್ದರು, ಅದೂ ನನ್ನ ಕೊರಳಲ್ಲಿದ್ದ ಒಂದು ಕಾರ್ಡಿನ ಸುದ್ದಿಯನ್ನು ಅಜ್ಜಿಯಿಂದ ಕೇಳಿ. ನನಗೆ ನನ್ನ ಮೇಲೇ ಸಿಟ್ಟು ಬಂತು. ಬ್ಯಾಗಿನಿಂದ ಹಳೇ ಕಾರ್ಡು ತೆಗೆದು ಹೊಸದರ ಪಕ್ಕ ಇಟ್ಟೆ.

“ಅವಳಿಗೆ ಏನೂ ಆಗಿಲ್ಲ ಕಣ್ರೀ. ಅಂಗಡಿಯವನು ತಪ್ಪು ಅಚ್ಚು ಹಾಕಿದ, ನಾನು ಕನ್ನಡಕ ಹಾಕ್ಕೊಳ್ಲಿಲ್ಲ. ಅಷ್ಟೇ ಆಗಿದ್ದು. ತಪ್ಪು ನಂದು.”

ಅವರು ಎರಡೂ ಕಾರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಕೊನೆಯ ಅಕ್ಷರದ ಹತ್ತಿರ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ನೆಲದ ಮೇಲೇ ಕೂತುಬಿಟ್ಟರು. ಹುಡುಗಿ ನಗು ನಿಲ್ಲಿಸಿ ಹೊರಗೆ ಬಂದಳು.

“ದಿನಾ ರಾತ್ರಿ ಬಾಗಿಲಿಗೆ ಅಡ್ಡ ಮಲಗ್ತಿದ್ನಲ್ಲೇ,” ಎಂದರು ಮಗಳಿಗೆ. “ನೀನು ಎದ್ದು ಎಲ್ಲಾದ್ರೂ ಹೊರಟುಹೋದ್ರೆ ಅಂತ.”

“ಸೆಕೆಗೆ ಅಂದ್ಕೊಂಡಿದ್ದೆ ಅಪ್ಪಾ,” ಎಂದಳು ಅವಳು. ಅಪ್ಪನ ಪಕ್ಕ ಹೋಗಿ ಕೂತಳು.

ಅವರು ಅಂಗೈಯಿಂದ ಮುಖ ಒರೆಸಿಕೊಂಡು, ಖಾಕಿ ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಆ ಅರ್ಜಿ ಎಲ್ಲಿಟ್ಟಿದೀಯ ತಾ ಎಂದರು.