ಕಡವೆಗೆ ಯಾವ ತೋಟೆ?

ಸಾಗರದಲ್ಲಿ ಹೊಸನಗರದ ಬಸ್ಸು ತಡ. ಪೇಟೆಯ ಮದ್ದುಗುಂಡಿನ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈಗಷ್ಟೆ, ಶರಾವತಿ ಹಿನ್ನೀರು ಏರುತ್ತಿರುವ ಮುಳುಗಡೆ ಕಡೆಯ ಗೌಡರೊಬ್ಬರು ಬಂದು, ಕಡವೆ ಹೊಡೆಯಲು ಕೋವಿಯ ತೋಟೆ ಕೇಳಿದರು. ಇಲ್ಲಿ ತೋಟೆ ಸುಮ್ಮನೆ ಕೊಡುವುದಿಲ್ಲ. ಹೆಣ್ಣು ಕೊಡುವವರ ಹಾಗೆ ವಿಚಾರಿಸುತ್ತಾರೆ.

"ಎಷ್ಟು ದೂರದಿಂದ ಹೊಡಿತೀರಿ ಗೌಡ್ರೆ?" ಅಂಗಡಿಯವರು ಕೇಳಿದರು.

"ಇಪ್ಪತ್ತು ಮಾರು."

"ಪೊದೆ ಅಡ್ಡ ಬರ್ತದಾ?"

"ಇಲ್ಲ, ಬೋಳು ಗುಡ್ಡ."

ಅಂಗಡಿಯವರು ಒಂಟಿ ಗುಂಡಿನ ಬಾಲ್ ತೋಟೆಯನ್ನು ಬದಿಗೆ ಸರಿಸಿ, ದಪ್ಪ ಸೀಸದ ಚರೆ ತುಂಬಿದ ಎಲ್‌ಜಿ ತೋಟೆ ಎರಡನ್ನು ಗೌಡರ ಅಂಗೈಯಲ್ಲಿಟ್ಟರು.

"ಈಡು ಬಿದ್ಮೇಲೆ ಯಾವ ಕಡಿಗೆ ಓಡ್ತದೆ?"

"ಓಡದು ಎಲ್ಲಿಗೆ? ಸುತ್ತ ನೀರು. ಗುಡ್ಡದ ನೆತ್ತಿ ಒಂದು ಉಳ್ದದೆ. ಮರಿ ಕಟ್ಕಂಡು ಅಲ್ಲೇ ನಿಂತದೆ."

ಗೌಡರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಎರಡೂ ತೋಟೆಗಳನ್ನು ತಾವೇ ಪೆಟ್ಟಿಗೆಗೆ ವಾಪಸು ಹಾಕಿದರು.

"ನಾವೂ ಮಕ್ಳು ಮರಿ ಕಟ್ಕಂಡು ಅದೇ ಗುಡ್ಡದ ಮೇಲೇ ಇದೀವಿ ಮಾರಾಯ್ರೆ," ಎಂದು ಕೊಡೆ ಎತ್ತಿಕೊಂಡು ಹೊರಟರು.