ಗುಡಾಣನ ಹೊಟ್ಟೆ ಕರಗಿದ ವರ್ಷ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಗೇಮ್ ಅಂಗಡಿ ಇದೆ. ಡಿಗ್ರಿ ಮುಗಿಸಿದ ಮೇಲೆ ನಾನು ಕೆಲಸ ಹುಡುಕಿದ್ದು ಹೆಚ್ಚಾಗಿ ಅಲ್ಲೇ. ಮಧುವನಹಳ್ಳಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತುವಾಗ ಅಮ್ಮನಿಗೆ ಇಂಟರ್‌ವ್ಯೂ ಎಂದು ಹೇಳುತ್ತಿದ್ದೆ. ಪೂರ್ತಿ ಸುಳ್ಳೇನಲ್ಲ. ಆ ಅಂಗಡಿಯಲ್ಲೂ ಕುರ್ಚಿ ಸಿಗುವ ಮೊದಲು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಮೊದಲನೆಯದು, ನಿನ್ನೆ ಸೋತು ಓಡಿಹೋದವನು ನೀನೇ ಅಲ್ಲವಾ ಎಂಬುದು.

ಅಲ್ಲಿ ಎಲ್ಲರೂ ಆಡುತ್ತಿದ್ದದ್ದು ಒಂದೇ ಹೊಡೆದಾಟದ ಗೇಮು, ಅದರ ಎರಡನೇ ಭಾಗ. ಕತ್ತಿಯವರು, ಬೆಂಕಿ ಉಗುಳುವವರು, ಗಾಳಿಯಲ್ಲಿ ಹಾರುವವರು ಎಲ್ಲರೂ ಇದ್ದರು. ನನ್ನವನು ಮಾತ್ರ ಗುಡಾಣ. ಅವನ ನಿಜವಾದ ಹೆಸರು ಇಂಗ್ಲಿಷಿನಲ್ಲಿ ತೆರೆಯ ಮೇಲೆ ಬರುತ್ತಿತ್ತು. ಅದನ್ನು ಓದಲು ಹೋಗಿ ಅಂಗಡಿಯಣ್ಣ ನಾಲಿಗೆ ಕಚ್ಚಿಕೊಂಡ ಮೇಲೆ ನಾವೇ ಈ ಹೆಸರಿಟ್ಟೆವು. ನೀರು ತುಂಬಿದ ಗುಡಾಣದಂಥ ಹೊಟ್ಟೆ, ಅದನ್ನು ತಡೆದು ನಿಲ್ಲಿಸಿದ ಅಗಲವಾದ ಬೆಲ್ಟು, ಕೆನ್ನೆಗೇರಿದ ಮೀಸೆ. ಎದುರಾಳಿ ಒಂದು ರಾಶಿ ಗುದ್ದು ಗುದ್ದುವಷ್ಟರಲ್ಲಿ ಇವನದು ಒಂದು ಹೆಜ್ಜೆ. ಆದರೆ ಆ ಒಂದು ಹೆಜ್ಜೆಯಲ್ಲಿ ಕೈಗೆ ಸಿಕ್ಕಿದವನ ಕಥೆ ಮುಗಿಯಿತು. ಎತ್ತಿ, ತಲೆಯ ಮೇಲೆ ಗಿರಗಿರ ತಿರುಗಿಸಿ, ನೆಲಕ್ಕೆ ಕುಕ್ಕಿ, ಮೇಲೆ ತಾನೂ ಕೂರುತ್ತಿದ್ದ. ಗೆದ್ದರೆ ಹೊಟ್ಟೆಯನ್ನು ತಬಲದ ಹಾಗೆ ಬಡಿದುಕೊಂಡು ನಗುತ್ತಿದ್ದ.

ಮೊದಲ ಸಲ ನೋಡಿದಾಗಲೇ ಇವನನ್ನು ಎಲ್ಲೋ ಕಂಡಿದ್ದೇನಲ್ಲ ಎನ್ನಿಸಿತ್ತು. ಕಂಡದ್ದು ಯಳಂದೂರಿನಲ್ಲಿ. ನನ್ನ ಸೋದರಮಾವ.

ಮಾವ ಭತ್ತದ ವ್ಯಾಪಾರಿ. ಮನೆಯ ಮುಂದಿನ ಅಂಗಳದಲ್ಲೇ ಲಾರಿಗೆ ಮೂಟೆ ತುಂಬಿಸುತ್ತಾರೆ. ಅದೇ ಹೊಟ್ಟೆ, ಅದೇ ಮೀಸೆ, ಬೆಲ್ಟಿನ ಜಾಗದಲ್ಲಿ ಟವೆಲ್ಲು. ಲಾರಿ ರಿವರ್ಸ್ ಬರುವಾಗ ಅವರು ಹಿಂದೆ ನಿಂತು ಕೈ ಬೀಸುತ್ತಿದ್ದರು. "ಬರ್ಲಿ, ಬರ್ಲಿ, ಎಡುಕ್ ತಕ, ಎಡುಕ್ ಅಂದ್ರೆ ಬಲುಕ್ ತಕತೀಯಲ್ಲಾ, ಬರ್ಲಿ, ಬರ್ಲಿ... ಓಲ್ಡಾ...ನ್." ಆ ಕೊನೆಯ ಓಲ್ಡಾನ್‌ಗೆ ಲಾರಿ ಮಾತ್ರವಲ್ಲ, ಬೀದಿಯಲ್ಲಿ ಹೋಗುವ ಸೈಕಲ್ಲು, ಮೇಯುವ ಕೋಳಿ, ಒಮ್ಮೊಮ್ಮೆ ಪಕ್ಕದ ಮನೆಯ ಜಗಳ ಕೂಡ ನಿಲ್ಲುತ್ತಿತ್ತು.

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ಗಂಟಲು ಎಗರಿಸುವುದು. ಕಾಲೇಜಿನ ಪ್ರಿನ್ಸಿಪಾಲರು, ಬಸ್ಸಿನ ಕಂಡಕ್ಟರು, ಫೋನಿನಲ್ಲಿ ಸಾಲ ಬೇಕಾ ಎಂದು ಕೇಳುವ ಹುಡುಗಿ, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದಾರೆ. ನಿನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಸ್ವಲ್ಪ ಹುಡುಕಬೇಕು. ಗುಡಾಣ ಎದುರಾಳಿಯನ್ನು ತಲೆಯ ಮೇಲೆ ತಿರುಗಿಸುವಾಗ ನಾನು ಮಾವನ ದನಿಯಲ್ಲಿ ಎಡುಕ್ ತಕ, ಎಡುಕ್ ತಕ ಎನ್ನುತ್ತಿದ್ದೆ. ಕುಕ್ಕುವಾಗ ಇಡೀ ಅಂಗಡಿಯೇ ಸೇರಿ ಓಲ್ಡಾನ್ ಕೂಗುತ್ತಿತ್ತು. ಕೆಳಗಿನ ಜೆರಾಕ್ಸಿನವರು ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದರು.

ಒಂದು ದಿನ ಓಲ್ಡಾನ್‌ಗೆ ಯಾರೂ ದನಿಗೂಡಿಸಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ. ಇಂಟರ್‌ವ್ಯೂ ಎಲ್ಲಿ ನಡೆಯುತ್ತಿದೆ ಎಂದು ನೋಡಿಕೊಂಡು ಬರಲು ಅಮ್ಮ ಕಳಿಸಿದ್ದಳು. ಅವರು ನನ್ನನ್ನು ಬಿಟ್ಟು ತೆರೆಯನ್ನೇ ನೋಡುತ್ತಿದ್ದರು.

"ಯಾರ್ಲಾ ಇವ್ನು?"

"ಗುಡಾಣ, ಮಾವ."

"ಯಾವೂರೋನು?"

"ಫಾರಿನ್."

"ಒಳ್ಳೆ ಆಳು. ಮೂಟೆ ಎತ್ತಕೆ ಆಯ್ತಿದ್ದ."

ಆಮೇಲೆ ನನ್ನ ಕಿವಿ ಹಿಡಿದು ಮೆಟ್ಟಿಲಿಳಿಸಿದರು. "ನಾನೇನ್ ಅಂಗ್ ಕೂಗಲ್ಲ ಕಣ್ಲಾ," ಎಂದರು. ಅದು ಬಸ್ ಸ್ಟ್ಯಾಂಡಿಗೆ ಕೇಳಿಸಿತು.

ಮೂರನೇ ಭಾಗ ಬಂದಾಗ ಕಂಪನಿಯವರು ಗುಡಾಣನ ಬೆಲ್ಟಿನ ಬಣ್ಣ ಬದಲಾಯಿಸಿದ್ದರು, ಅಷ್ಟೇ. ಅದಕ್ಕೇ ನಾವು ವಾರಗಟ್ಟಲೆ ಮುನಿಸಿಕೊಂಡಿದ್ದೆವು. ನಾಲ್ಕನೆಯದು ಬಂದ ದಿನ ಅಂಗಡಿಯಣ್ಣ ಮೊದಲ ಆಟ ನನಗೇ ಕೊಟ್ಟ. ಗುಡಾಣನನ್ನು ಆರಿಸಿದೆ. ತೆರೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ನಿಂತಿದ್ದವನು ಯಾರೋ. ಹೊಟ್ಟೆ ಇಲ್ಲ. ಮೀಸೆ ಕತ್ತರಿಸಿ ಅಚ್ಚುಕಟ್ಟಾಗಿದೆ. ಕಿವಿಯ ಹತ್ತಿರ ನರೆ. ಬಿಳಿ ಬಟ್ಟೆ ಉಟ್ಟು ಬೆಳಗಿನ ಹೊತ್ತು ಉಸಿರಾಟ ಕಲಿಸುವವರ ಹಾಗೆ ಕೈಕಟ್ಟಿ ನಿಂತಿದ್ದಾನೆ. ಎತ್ತಿ ಕುಕ್ಕುವ ಪಟ್ಟೇ ಇಲ್ಲ. ಅದರ ಬದಲು ಪಟಪಟ ಒದೆ. ಗೆದ್ದರೆ ನಗುವುದಿಲ್ಲ, ಕಣ್ಣು ಮುಚ್ಚಿ ಕೈ ಮುಗಿಯುತ್ತಾನೆ. ದನಿಯೋ, ಬಿಸಿ ಕಾಫಿ ಊದಿದಷ್ಟು.

ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ತೆರೆಯ ಸುತ್ತ ಸೇರಿದರು.

"ಸಕ್ಕರೆ ಕಾಯ್ಲೆ," ಎಂದ ಅಂಗಡಿಯಣ್ಣ. "ನಮ್ಮಪ್ಪನೂ ಇಂಗೇ ಇಳ್ದೋಗಿದ್ದು."

"ಅದಲ್ಲ ಕಣಣ್ಣ, ಎಲ್ರುನ್ನೂ ಎತ್ ಎತ್ತಿ ಕುಕ್ಕ್ತಾನೆ ಅಂತ ಯಾರೋ ಕಂಪ್ಲೇಂಟ್ ಕೊಟ್ಟವ್ರೆ," ಎಂದ ಇನ್ನೊಬ್ಬ.

ಅಂದು ನಾನು ಎಲ್ಲರ ಕೈಯಲ್ಲೂ ಸೋತೆ. ನನ್ನ ಹೆಬ್ಬೆರಳು ಹಳೆಯ ನಿಧಾನದ ಹೆಜ್ಜೆಗೆ ಕಾಯುತ್ತಿತ್ತು, ಇವನು ಅಷ್ಟರಲ್ಲಿ ಓಡಿ ಹೋಗಿ ಒದೆ ತಿಂದು ಬಂದಿರುತ್ತಿದ್ದ. ಓಲ್ಡಾನ್ ಎಂದು ಕೂಗಿಯೂ ನೋಡಿದೆ. ಧ್ಯಾನಕ್ಕೆ ಕೂತವರ ಕಿವಿಯಲ್ಲಿ ಸೀಟಿ ಊದಿದ ಹಾಗಿತ್ತು.

ಅದೇ ವರ್ಷ ಮಾವನಿಗೂ ನಾಲ್ಕನೇ ಭಾಗ ಬಂತು. ಡಾಕ್ಟರು ಸಕ್ಕರೆ ಎಂದರು, ಬೀಪಿಯನ್ನೂ ಸೇರಿಸಿದರು, ಕೂಗಾಡಬೇಡಿ ಎಂದರು. ಮಾವ ನೀರಿನ ಚಾನಲ್ ದಂಡೆಯ ಮೇಲೆ ದಿನಾ ಬೆಳಿಗ್ಗೆ ಸಂಜೆ ನಡೆದು ನಡೆದು ಅರ್ಧವಾದರು. ಮೀಸೆ ಸಣ್ಣದಾಯಿತು. ಲಾರಿಯ ಹಿಂದೆ ನಿಲ್ಲುವ ಕೆಲಸ ಮೇಸ್ತ್ರಿಯ ಪಾಲಾಯಿತು. "ಮನೇಲಿ ಗಡಿಯಾರದ ಸದ್ದು ಕೇಳ್ತದೆ ಕಣಪ್ಪ, ನಮ್ಮನೇಲಿ ಗಡಿಯಾರ ಅದೆ ಅಂತ್ಲೇ ಗೊತ್ತಿರ್ನಿಲ್ಲ," ಎಂದು ಅತ್ತೆ ಖುಷಿಯಾಗಿದ್ದಳು. ಮಾವನಿಗೆ ಮಾತ್ರ ಬೀದಿಯಲ್ಲಿ ತಲೆ ಎತ್ತಲಾಗುತ್ತಿರಲಿಲ್ಲ. ಎದುರು ಬಂದವರೆಲ್ಲ ಸೊಂಟದಿಂದ ಮೇಲಕ್ಕೊಮ್ಮೆ ನೋಡಿ, "ಯಾಕ್ರೀ ಇಂಗ್ ಇಳ್ದೋದ್ರಿ?" ಎಂದು ಕೇಳುತ್ತಿದ್ದರು, ಹಾರ ತರಬೇಕೇನೋ ಎನ್ನುವ ದನಿಯಲ್ಲಿ. ಕೊನೆಗೆ ಅವರು ವಾಕಿಂಗಿಗೂ ಹಿತ್ತಲ ಬಾಗಿಲಿಂದ ಹೋಗಲು ಶುರುಮಾಡಿದರು.

ಗುಡಾಣನ ದುಃಖವನ್ನು ನಾನು ಮಾವನ ಮಗಳ ಹತ್ತಿರ ಫೋನಿನಲ್ಲಿ ತೋಡಿಕೊಂಡೆ. ಅವಳು ಆಗಷ್ಟೇ ಬಿ.ಎಡ್. ಮುಗಿಸಿದ್ದಳು. ಚಿಕ್ಕಂದಿನಿಂದ ರಜೆಯಲ್ಲಿ ನನ್ನೊಡನೆ ಗೇಮ್ ಆಡಿದವಳು, ಒಮ್ಮೆಯೂ ನನ್ನನ್ನು ಗೆಲ್ಲಲು ಬಿಡದವಳು.

"ಅಯ್ಯೋ ಪೆದ್ದ. ಆಳ್ನ ಆರಿಸ್ವಾಗ ಬಟನ್ ಒತ್ತಿ ಬುಟ್ಬುಡ್ಬ್ಯಾಡ. ಇಡ್ಕಂಡೇ ಇರು. ಅಳೇ ಗುಡಾಣ ಬತ್ತಾನೆ."

ಮಾರನೆಯ ದಿನ ಬಟನ್ ಒತ್ತಿ ಹಿಡಿದೆ. ತೆರೆ ಮಿನುಗಿತು. ಹೊಟ್ಟೆ, ಬೆಲ್ಟು, ಮೀಸೆ, ಆ ನಗು, ಎಲ್ಲ ಬಂತು. ಅಂಗಡಿಯಣ್ಣ ಕಣ್ಣೊರೆಸಿಕೊಂಡ, ಅಥವಾ ಹಾಗೆ ನಟಿಸಿದ. ಆಟ ಶುರುವಾದಾಗ ಗೊತ್ತಾಯಿತು, ವೇಷ ಮಾತ್ರ ಹಳೆಯದು, ಪಟ್ಟುಗಳು ಹೊಸವೇ. ಅಷ್ಟು ದೊಡ್ಡ ಹೊಟ್ಟೆ ಹೊತ್ತು ಅವನು ಮೇಕೆಯ ಹಾಗೆ ನೆಗೆದು ಒದೆಯುತ್ತಿದ್ದ. ಆದರೂ ಪರವಾಗಿಲ್ಲ, ಮುಖ ನೋಡಿದೆವಲ್ಲ ಎಂದುಕೊಂಡೆವು.

ಮಾವನ ಮಗಳಿಗೆ ಹನೂರು ಕಡೆಯ ಹುಡುಗನೊಡನೆ ಮದುವೆ ಗೊತ್ತಾಗಿತ್ತು. ಹೂಗ್ಯಂನಲ್ಲಿ ಜಮೀನಿರುವ ಮನೆ, ಅವರ ಮನೆಯಲ್ಲಿ ಅಜ್ಜನ ಮಾತೇ ಮಾತು. ಎರಡು ವರ್ಷದ ಹಿಂದೆ ಆ ಅಜ್ಜ ಹೆಣ್ಣು ನೋಡಲು ಯಳಂದೂರಿಗೆ ಬಂದವರು, ಆಟೋ ಇಳಿದು ನೇರವಾಗಿ ರಿವರ್ಸ್ ಬರುತ್ತಿದ್ದ ಲಾರಿಯ ಹಿಂದಕ್ಕೇ ನಡೆದಿದ್ದರು. ಮಾವನ ಓಲ್ಡಾನ್‌ಗೆ ಲಾರಿ ಅವರ ಊರುಗೋಲಿನಷ್ಟು ದೂರದಲ್ಲಿ ನಿಂತಿತು. ಅಜ್ಜ ಒಂದು ಚೊಂಬು ನೀರು ಕುಡಿದು, ಹುಡುಗಿಯನ್ನು ನೋಡುವ ಮೊದಲೇ, "ಇಂಗ್ ಕೂಗೋರ ಮನೆ ಎಣ್ಮಗಳೇ ಬೇಕು," ಎಂದಿದ್ದರಂತೆ. ಓದು ಮುಗಿಯಲಿ ಎಂದು ಎರಡೂ ಕಡೆ ಕಾದರು. ನಡುವೆ ಮಾತೆಲ್ಲ ಫೋನಿನಲ್ಲೇ, ಹುಡುಗನ ಅಪ್ಪನೊಡನೆ. ಅಜ್ಜ ಮತ್ತೆ ಮಾವನನ್ನು ಕಂಡಿರಲಿಲ್ಲ.

ವೀಳ್ಯಶಾಸ್ತ್ರದ ದಿನ ಮಾವನ ಅಂಗಳಕ್ಕೇ ಶಾಮಿಯಾನ ಹಾಕಿದ್ದರು. ಬೆಳಿಗ್ಗೆಯೇ ಅತ್ತೆ ಮಾವನಿಗೆ, "ಇವತ್ತೊಂದಿನ ದನಿ ಎತ್ಬ್ಯಾಡಿ, ಬೀಗ್ರು ಬತ್ತಾವ್ರೆ," ಎಂದಳು. ನನ್ನ ಕಡೆ ತಿರುಗಿ, "ನೀನು ಬಾಯೇ ಬುಡ್ಬ್ಯಾಡ," ಎಂದಳು. ಇಬ್ಬರೂ ತಲೆಯಾಡಿಸಿದೆವು.

ಶಾಸ್ತ್ರವೆಲ್ಲ ಸರಾಗವಾಗಿ ನಡೆದು, ಎಲೆಅಡಿಕೆ ತಟ್ಟೆ ಬದಲಾಯಿಸುವ ಹೊತ್ತು ಬಂತು. ಆ ಕಡೆಯವರ ಪದ್ಧತಿ ಏನೆಂದರೆ, ಮಾತು ಕೊಟ್ಟವರೇ ತಮ್ಮ ಕೈಯಾರೆ ತಟ್ಟೆ ಕೊಡಬೇಕು. ಮಾವ ತಟ್ಟೆ ಹಿಡಿದು ಮುಂದೆ ಬಾಗಿದರು. ಅಜ್ಜ ಕೈ ಹಿಂದಕ್ಕೆಳೆದುಕೊಂಡರು.

"ಯಜಮಾನ್ರೆಲ್ಲಿ?"

"ನಾನೇ ಸಾಮಿ," ಎಂದರು ಮಾವ, ನಾಲ್ಕನೇ ಭಾಗದ ದನಿಯಲ್ಲಿ.

"ನೀವು ತಮ್ಮ ಇರ್ಬೇಕು. ಅಣ್ಣನ್ನ ಕರೀರಿ."

ಮೊದಲು ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ಅಣ್ಣನಿಗೆ ಸಂಬಂಧ ಬೇಡವಾಗಿದೆ, ಅದಕ್ಕೇ ತಮ್ಮನನ್ನು ಕೂರಿಸಿದ್ದೀರಿ ಎಂಬ ಅನುಮಾನ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಅವರ ಮಗ ಕಿವಿಯಲ್ಲಿ ಏನೇನೋ ಹೇಳಿದರು. ಯಾರೋ ಮಾವನ ಆಧಾರ್ ಕಾರ್ಡ್ ತಂದು ತೋರಿಸಿದರು. ಅದರಲ್ಲಿದ್ದದ್ದು ಎರಡನೇ ಭಾಗದ ಮಾವ.

"ಇವ್ರೇ ನೋಡಿ," ಎಂದರು ಅಜ್ಜ ಫೋಟೋ ಮೇಲೆ ಬೆರಳಿಟ್ಟು. "ಇವ್ರನ್ನೇ ಕರೀರಿ ಅಂತಿರೋದು."

ಊರುಗೋಲು ಕೈಗೆ ತೆಗೆದುಕೊಂಡರು. ಅವರು ಎದ್ದರೆ ಹನೂರಿನಿಂದ ಬಂದ ಬಸ್ಸೇ ಎದ್ದು ಹೋಗುತ್ತದೆ, ಎಲೆ ಹಾಕಿದ ಊಟ ಹಾಗೇ ಉಳಿಯುತ್ತದೆ, ಎರಡು ವರ್ಷ ಕಾದ ಸಂಬಂಧ ಮುರಿಯುತ್ತದೆ. ಮಾವನ ಮಗಳು ಹಸೆಯ ಮೇಲೆ ಕೈಯಲ್ಲಿ ನಿಂಬೆಹಣ್ಣು ಹಿಡಿದು ತಲೆ ತಗ್ಗಿಸಿ ಕೂತಿದ್ದಳು.

ಅತ್ತೆ ಮಾವನ ಹಿಂದೆ ಬಂದು ಪಿಸುಗುಟ್ಟಿದಳು. "ಒಂದ್ಸಲ ಕೂಗ್ಬುಡ್ರೀ."

"ಲಾರಿ ಇಲ್ದೆ ಎಂಗಮ್ಮಿ ಕೂಗ್ಲಿ?"

ಆದರೂ ಪ್ರಯತ್ನಪಟ್ಟರು. ಓಲ್ಡಾನ್ ಎಂದದ್ದು, ಪಂಕ್ತಿಯಲ್ಲಿ ಕೂತು ಉಪ್ಪು ಕೇಳಿದ ಹಾಗೆ ಬಂತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹೊಟ್ಟೆ ಮುಂದೆ ಮಾಡಿ, ಎಡುಕ್ ತಕದಿಂದ ಓಲ್ಡಾನ್‌ವರೆಗೆ ನನ್ನ ಜೀವಮಾನದ ಒಳ್ಳೆಯ ಪ್ರದರ್ಶನ ಕೊಟ್ಟೆ. ಅಜ್ಜ ಕತ್ತು ತಿರುಗಿಸಿ ನನ್ನನ್ನು ಪೂರ್ತಿ ನೋಡಿದರು.

"ಅಪ್ಪಡಿಯಾ? ಅಂಗೋ? ಮೊಖ ಕಾರ್ಡಲ್ಲಿ ಅದೆ, ದನಿ ಈ ಹುಡ್ಗನ ಬಾಯಲ್ಲಿ ಅದೆ, ತಟ್ಟೆ ಇನ್ನೊಬ್ರ ಕೈಲಿ ಅದೆ. ಒಬ್ಬ ಬೀಗನ್ನ ಮಾಡಕೆ ಎಷ್ಟು ಜನ ಸೇರಿದೀರಪ್ಪ?"

ಶಾಮಿಯಾನ ಬಿದ್ದು ಬಿದ್ದು ನಕ್ಕಿತು. ಮಾವನ ತಲೆ ಇನ್ನಷ್ಟು ತಗ್ಗಿತು. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಿಂಬೆಹಣ್ಣು ಒಣಗಬೇಕಿತ್ತು. ನಿಂಬೆಹಣ್ಣು ನೆನಪಾಗಿ ಹಸೆಯ ಕಡೆ ನೋಡಿದರೆ, ಅವಳು ಆ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಗೇಮಿನ ಬಟನ್ ಹಿಡಿದ ಹಾಗೆ, ಬಿಡುತ್ತಿಲ್ಲ. ಕಣ್ಣು ನನ್ನ ಮೇಲೆ.

ನಾನು ಮೆಲ್ಲನೆ ಶಾಮಿಯಾನದ ಹಿಂದಕ್ಕೆ ಜಾರಿದೆ. ಇಷ್ಟು ವರ್ಷ ಮಾವನನ್ನು ಮಾಡಿದ್ದೆ. ಲಾರಿಯನ್ನು ಯಾವತ್ತೂ ಮಾಡಿರಲಿಲ್ಲ. ಕೆನ್ನೆ ಉಬ್ಬಿಸಿದೆ. ಮೊದಲು ಡೀಸೆಲ್ ಎಂಜಿನ್ನು, ನಿಂತಲ್ಲೇ ಗುಡುಗುಡು. ಆಮೇಲೆ ಗೇರು, ಕರಕರ. ಆಮೇಲೆ ಮೂಗಿನಲ್ಲಿ ರಿವರ್ಸ್ ಹಾರ್ನು, ಟೀಂ... ಟೀಂ... ಟೀಂ. ಬೆನ್ನು ಮಾಡಿಕೊಂಡು ಶಾಮಿಯಾನದ ಬಟ್ಟೆಯ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಸರಿದೆ.

ಒಳಗೆ ಕುರ್ಚಿ ಬಿದ್ದ ಸದ್ದಾಯಿತು.

"ಯಾವನ್ಲಾ ಅವ್ನು, ಎಲ್ಲಿಗ್ಲಾ ಬತ್ತಿದೀಯೆ? ಎಡುಕ್ ತಕಳ್ಲಾ, ಜನ ಕುಂತವ್ರೆ ಕಾಣಾಕಿಲ್ವಾ, ಎಡುಕ್ ಅಂದ್ರೆ ಬಲುಕ್... ಓಲ್ಡಾ...ನ್."

ನಾನು ನಿಂತೆ. ಎಂಜಿನ್ನು ಆಫಾಯಿತು, ಹಾರ್ನು ಮೂಗಿನಲ್ಲೇ ಉಳಿಯಿತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಬ್ರೇಕಿತ್ತು. ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಬಟ್ಟೆ ಸರಿಸಿಕೊಂಡು ಮಾವ ಬಂದರು, ಟವೆಲ್ಲು ಸೊಂಟಕ್ಕೆ ಬಿಗಿದು, ಕೈ ಮೇಲೆತ್ತಿ. ಲಾರಿ ಹುಡುಕಿದರು. ನಾನು ಸಿಕ್ಕಿದೆ.

ಒಳಗಿನಿಂದ ಊರುಗೋಲು ನೆಲಕ್ಕೆ ಕುಟ್ಟುವ ಸದ್ದು ಕೇಳಿತು. "ಇವ್ರೇ, ಇವ್ರೇ ಕಣ್ರಪ್ಪಾ. ಬನ್ನಿ ಬೀಗ್ರೆ, ಕೊಡಿ ತಟ್ಟೆ."

ತಟ್ಟೆ ಕೈ ಬದಲಾಯಿತು. ತೆಗೆದುಕೊಂಡ ಮೇಲೆ ಅಜ್ಜ ಮಾವನನ್ನು ಸೊಂಟದಿಂದ ಮೇಲಕ್ಕೆ ನೋಡಿ, ಇಡೀ ಯಳಂದೂರು ಕೇಳಿದ ಪ್ರಶ್ನೆಯನ್ನೇ ಕೇಳಿದರು. "ಯಾಕ್ ಸಾಮಿ ಇಂಗ್ ಇಳ್ದೋದ್ರಿ?"

"ಸಕ್ಕರೆ," ಎಂದರು ಮಾವ, ಅಡಗಿಕೊಳ್ಳಲು ಹಿತ್ತಲ ಬಾಗಿಲಿಲ್ಲದೆ.

"ನಂಗೂ ಅದೆ ಕಣ್ರಿ." ಅಜ್ಜ ಪಕ್ಕದ ಕುರ್ಚಿ ತಟ್ಟಿದರು. ಊಟದುದ್ದಕ್ಕೂ ಇಬ್ಬರೂ ಮಾತ್ರೆ, ಮುದ್ದೆ, ಮೆಂತ್ಯದ ನೀರು ಎಂದು ಮಾತಾಡಿದ್ದೇ ಮಾತಾಡಿದ್ದು. ಪಾಯಸ ಬಂದಾಗ ಇಬ್ಬರೂ ಒಟ್ಟಿಗೇ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ಬೀಗರ ಬಸ್ಸು ಹೊರಟ ಮೇಲೆ ಮಾವ ಜಗುಲಿಯ ಮೇಲೆ ಬಿಸಿನೀರು ಕುಡಿಯುತ್ತ ಕೂತಿದ್ದರು. ಗಂಟಲು ಕಟ್ಟಿತ್ತು.

"ಲಾರಿ ಪರ್ವಾಗಿಲ್ಲ ಕಣ್ಲಾ. ಗೇರ್ ಮಾತ್ರ ಸರ್ಯಾಗ್ ಬೀಳ್ನಿಲ್ಲ."

"ಸರಿ ಮಾಡ್ಕತೀನಿ ಮಾವ."

ಬಿಸಿನೀರಿನ ಲೋಟ ಕೆಳಗಿಟ್ಟರು. "ಈಗಿನ್ ನನ್ನ ಮಾಡು, ನೋಡವ."

ಮಾಡಿದೆ. ಮೆಲ್ಲಗೆ, ಮೆತ್ತಗೆ, ಕಣ್ಣು ಅರ್ಧ ಮುಚ್ಚಿ. ನೆಗಡಿಯಾದ ಬ್ಯಾಂಕ್ ಮ್ಯಾನೇಜರ್ ಮಾತಾಡಿದ ಹಾಗಿತ್ತು. ಮಾವ ಕೊನೆಯವರೆಗೂ ಕೇಳಿದರು.

"ಬಂದಿಲ್ಲ," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಬಾ, ವಾಕಿಂಗ್ ಓಗವ."

ಅಂದು ಮುಂಬಾಗಿಲಿನಿಂದಲೇ ಹೊರಟರು. ಅವರನ್ನು ಚೆನ್ನಾಗಿ ನೋಡಿ ಕಲಿಯೋಣ ಎಂದು ಹಿಂದೆ ಹೊರಟೆ. ಆದರೆ ಚಾನಲ್ ದಂಡೆ ಮುಟ್ಟುವ ಹೊತ್ತಿಗೆ ಅವರು ಎಷ್ಟೋ ಮುಂದೆ ಹೋಗಿದ್ದರು. ನಾನು ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಇನ್ನೊಂದು ಕೈ ಪಕ್ಕೆಗೆ ಒತ್ತಿಕೊಂಡು, ಮಾವ ನಿಲ್ಲಿ ಎಂದು ಕೂಗುತ್ತ ಓಡುತ್ತಿದ್ದೆ. ಅದು ಯಾರ ದನಿಯೆಂದು ಯೋಚಿಸಲು ಪುರುಸೊತ್ತಿರಲಿಲ್ಲ.