ಬಾಗಿಲ ಬಳಿಯ ಕುರ್ಚಿ

ನಮ್ಮ ಮನೋವೈದ್ಯರ ಸಂಘದಿಂದ ಸದಸ್ಯರಿಗೆ ಪತ್ರ ಬಂದಿದೆ. ಕುರುಗೋಡಿನಲ್ಲಿ ನಡೆಯಲಿರುವ ಶಿಬಿರದ ವಿವರವಿದೆ. ತರಬೇತಿಯಲ್ಲಿರುವ ವೈದ್ಯರ ಮೌಲ್ಯಮಾಪನದ ನಮೂನೆ ಬದಲಾಗಲಿದೆ, ಸಲಹೆ ಕಳಿಸಿ ಎಂದೂ ಇದೆ. ಅದನ್ನು ಓದುವಾಗ ನನ್ನ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು.

ಹೋದ ವಾರ ಬಳ್ಳಾರಿಯ ಆಸ್ಪತ್ರೆಯಲ್ಲಿ ನನ್ನದೇ ಮೌಲ್ಯಮಾಪನ ಇತ್ತು. ನಾನು ರೋಗಿಯನ್ನು ಮಾತನಾಡಿಸಬೇಕು, ಹಿರಿಯ ವೈದ್ಯರೊಬ್ಬರು ನೋಡುತ್ತ ಅಂಕ ಹಾಕಬೇಕು. ರೋಗಿ ಕೆರಳಿದರೆ ಬೇಗ ಹೊರಬರಲು ಬಾಗಿಲ ಬಳಿಯ ಕುರ್ಚಿ ಯಾವಾಗಲೂ ಮಾತನಾಡಿಸುವವರದು ಎಂದು ನಮಗೆ ಕಲಿಸಿದವರೇ ಅವರು. ಅಂದು ಅಲ್ಲಿ ಅವರೇ ಕೂತಿದ್ದರು. ಏಳಿ ಎನ್ನಲು ಬಾಯಿ ಬರದೆ ನಾನು ಒಳಗೆ ಗೋಡೆಯ ಕಡೆ ಕೂತೆ.

ಸಿರುಗುಪ್ಪದಿಂದ ಅಕ್ಕನ ಜೊತೆ ಬಂದಿದ್ದ ಯುವಕ ನಾಲ್ಕು ದಿನ ನಿದ್ದೆ ಮಾಡಿರಲಿಲ್ಲ. "ಅಂವ ಏನ್ ಬರಿಯಾಕತ್ತಾನ? ನನ್ನ ಹಿಡಿದು ಕೊಡಾಕಲ್ಲೇನು?" ಎಂದು ಹಿರಿಯರತ್ತ ಕೂಗಿ ಎದ್ದ. ಮರುಕ್ಷಣ, ಅವನ ಕೈಗೆ ಹತ್ತಿರವಿದ್ದ ನನ್ನ ತಲೆ ಗೋಡೆಗೆ ಬಡಿಯಿತು. ಅವನ ಎರಡೂ ಕೈ ನನ್ನ ಕುತ್ತಿಗೆ ಹಿಸುಕುತ್ತಿದ್ದವು. ಹಿರಿಯರು ಗಾಬರಿಯಿಂದ ಎದ್ದಾಗ ಉರುಳಿದ ಕುರ್ಚಿ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಹೊರಗಿನಿಂದ ಸಿಬ್ಬಂದಿ ಒದ್ದರೂ ಬಾಗಿಲು ತೆರೆಯಲಿಲ್ಲ.

"ಬಿಡಲೇ ತಮ್ಮಾ, ನಾ ಇಲ್ಲೇ ಅದೀನಿ" ಎನ್ನುತ್ತ ಅವನ ಪಕ್ಕದಲ್ಲೇ ಕೂತಿದ್ದ ಅಕ್ಕ ನಡುವೆ ನುಗ್ಗಿದಳು. ಅವನ ಮೊಣಕೈ ಬಡಿದು ಅವಳ ತುಟಿ ಸೀಳಿತು. ರಕ್ತ ಕಂಡೊಡನೆ ಅವನು ನನ್ನನ್ನು ಬಿಟ್ಟು, "ಅಕ್ಕಾ, ಯಾರ್ ಹೊಡದ್ರು ನಿನಗ?" ಎಂದು ಅಳತೊಡಗಿದ.

ನನ್ನ ನಮೂನೆಯಲ್ಲಿ ಹಿರಿಯರು ಬರೆದದ್ದು: ಸುರಕ್ಷತೆಯ ಕಡೆ ಗಮನ ಸಾಲದು. ಮುಂದಿನ ತಿಂಗಳು ಮತ್ತೆ ಮೌಲ್ಯಮಾಪನ, ನೋಡುವವರೂ ಅವರೇ.

ಆದರೂ ಸಲಹೆ ಬರೆದೆ: ಅಂಕ ಹಾಕುವವರು ಬಾಗಿಲ ಬಳಿ ಕೂರಬಾರದು. ಕೆಳಗೆ ನನ್ನ ಹೆಸರನ್ನು ಪೂರ್ತಿಯಾಗಿ ಹಾಕಿ ಕಳಿಸಿದೆ.